ಒಂದು ಕುರ್ಚಿ ಸಾಕೇ? ಕಂಪನಿಗಳ ಆಡಳಿತ ಮಂಡಳಿಯಲ್ಲಿ ಮಹಿಳೆಯರ ಸ್ಥಾನ

ಈ ಸಲದ ಆನ್‌ಲೈನ್ ಗೋಷ್ಠಿಯ ವಿಷಯ ‘ಪ್ರಾತಿನಿಧ್ಯ’. ನನಗಿಂತ ಮೊದಲು ಮಾತಾಡಿದವರು ಶಾಲೆ, ಪಠ್ಯಪುಸ್ತಕ, ಸರ್ಕಾರಿ ಕಚೇರಿಗಳಲ್ಲಿ ಗಡಿಭಾಗದ ಕನ್ನಡಕ್ಕೆ ಎಷ್ಟು ಜಾಗ ಉಂಟು ಅಂತ ವಿವರಿಸಿದರು. ನಾನು ಸ್ವಲ್ಪ ಬೇರೆ ಕಡೆ ಹೋಗ್ತೇನೆ. ಕಂಪನಿಗಳ ಆಡಳಿತ ಮಂಡಳಿಯಲ್ಲಿ ಮಹಿಳೆಯರು ಇರಲೇಬೇಕು ಅಂತ ಕಾನೂನು ಹೇಳಬಹುದೇ, ಹೇಳಿದರೆ ಏನಾಗ್ತದೆ ಅನ್ನುವುದು ನನ್ನ ಪ್ರಶ್ನೆ.

ನಾನು ಕಾಸರಗೋಡಿನ ಕಡೆಯವಳು, ಕನ್ನಡ ಸಾಹಿತ್ಯದ ಸ್ನಾತಕೋತ್ತರ ವಿದ್ಯಾರ್ಥಿನಿ. ವಾಣಿಜ್ಯಶಾಸ್ತ್ರ ನನ್ನ ವಿಷಯ ಅಲ್ಲ. ಆದರೆ ಕಾಯ್ದೆ ಕೂಡ ಒಂದು ಪಠ್ಯ. ಅದರಲ್ಲಿ ಯಾವ ಪದ ಇದೆ, ಯಾವ ಪದ ಇಲ್ಲ ಅಂತ ನೋಡುವ ಅಭ್ಯಾಸ ನಮಗೆ ತರಗತಿಯಲ್ಲೇ ಆಗಿರ್ತದೆ. ಆ ಅಭ್ಯಾಸದಿಂದಲೇ ಈ ವಿಷಯವನ್ನು ಓದಿಕೊಂಡು ಬಂದಿದ್ದೇನೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡ್ತೇನೆ. ಕಡ್ಡಾಯ ಬೇಕು. ಆದರೆ ನಮ್ಮ ದೇಶದ ಕಾಯ್ದೆ ಕೇಳುವ ‘ಕನಿಷ್ಠ ಒಬ್ಬರು’ ಸಾಲದು. ಒಬ್ಬರನ್ನು ಮಾತ್ರ ಕೇಳುವ ಕಾಯ್ದೆ ಎಷ್ಟು ಬಾಗಿಲು ತೆರೀತದೋ, ಹೆಚ್ಚುಕಡಿಮೆ ಅಷ್ಟೇ ಬಾಗಿಲನ್ನು ಮುಚ್ಚಿಯೂ ಇಡ್ತದೆ. ಇದನ್ನು ಹಂತ ಹಂತವಾಗಿ ನೋಡುವ.

1. ಆಡಳಿತ ಮಂಡಳಿ ಮಾಡುವ ಕೆಲಸ ಏನು?

ಕಂಪನಿಯ ದಿನನಿತ್ಯದ ಕೆಲಸವನ್ನು ಮಂಡಳಿ ಮಾಡುವುದಿಲ್ಲ. ಅದಕ್ಕೆ ವ್ಯವಸ್ಥಾಪಕರು, ಅಧಿಕಾರಿಗಳು ಇರ್ತಾರೆ. ಮಂಡಳಿ ವರ್ಷಕ್ಕೆ ಕನಿಷ್ಠ ನಾಲ್ಕು ಸಲ ಸೇರ್ತದೆ. ಅಲ್ಲಿ ತೀರ್ಮಾನ ಆಗುವುದು ದೊಡ್ಡ ವಿಷಯಗಳು: ವ್ಯವಸ್ಥಾಪಕ ನಿರ್ದೇಶಕರು ಯಾರಾಗಬೇಕು, ಅವರಿಗೆ ಸಂಬಳ ಎಷ್ಟು, ಲೆಕ್ಕಪತ್ರ ಸರಿ ಉಂಟಾ, ಎಲ್ಲಿ ಸಾಲ ತೆಗೆಯಬೇಕು, ಯಾವ ಕಾರ್ಖಾನೆ ತೆರೆಯಬೇಕು, ಯಾವುದನ್ನು ಮುಚ್ಚಬೇಕು.

ನಮ್ಮ ಗಡಿಭಾಗಗಳನ್ನೇ ನೋಡಿ. ಹೊಸೂರಿನ ಕಡೆ ಮೊಬೈಲ್ ಬಿಡಿಭಾಗಗಳ ಕಾರ್ಖಾನೆಯಲ್ಲಿ ಸಾವಿರಾರು ಹುಡುಗಿಯರು ಕೆಲಸ ಮಾಡ್ತಾರೆ. ಸೊಲ್ಲಾಪುರದಲ್ಲಿ ಬೀಡಿ ಕಟ್ಟುವವರು ಬಹುಪಾಲು ಹೆಂಗಸರು. ನಮ್ಮ ಕರಾವಳಿಯ ಗೇರುಬೀಜದ ಕಾರ್ಖಾನೆಗೆ ಹೋದರೆ ಸಾಲಾಗಿ ಕೂತು ಬೀಜ ಸುಲಿಯುವವರು, ವಿಂಗಡಿಸುವವರು ಹೆಂಗಸರೇ. ಕೆಳಗಿನ ನೆಲದಲ್ಲಿ ಇಷ್ಟೆಲ್ಲ ಹೆಂಗಸರಿದ್ದು, ತೀರ್ಮಾನ ಮಾಡುವ ಮೇಜಿನ ಸುತ್ತ ಒಬ್ಬರೂ ಇಲ್ಲದೆ ಇದ್ದರೆ ಅದನ್ನು ಸಹಜ ಅಂತ ಹೇಗೆ ಹೇಳುವುದು? ಈ ಪ್ರಶ್ನೆ ಅಲ್ಲಿಂದ ಶುರುವಾಗ್ತದೆ.

2. ಕಾಯ್ದೆಯ ಪಠ್ಯ

ನಮ್ಮಲ್ಲಿ ಈ ನಿಯಮ ಬಂದದ್ದು 2013ರ ಕಂಪನಿ ಕಾಯ್ದೆಯಲ್ಲಿ. ಅದರ 149ನೇ ಕಲಮಿನ ಮೊದಲ ಉಪಕಲಮಿಗೆ ಒಂದು ಷರತ್ತು ಸೇರಿಸಿದ್ದಾರೆ: ನಿಗದಿಪಡಿಸಿದ ವರ್ಗದ ಕಂಪನಿಗಳಲ್ಲಿ ಕನಿಷ್ಠ ಒಬ್ಬ ಮಹಿಳಾ ನಿರ್ದೇಶಕಿ ಇರಬೇಕು. ಯಾವ ವರ್ಗ ಅನ್ನುವುದು 2014ರ ನಿಯಮಗಳಲ್ಲಿ ಉಂಟು. ಷೇರುಪೇಟೆಯಲ್ಲಿ ನೋಂದಾಯಿತ ಎಲ್ಲ ಕಂಪನಿಗಳು ಒಂದು. ಇನ್ನೊಂದು, ಪಾವತಿಯಾದ ಷೇರು ಬಂಡವಾಳ 100 ಕೋಟಿ ರೂಪಾಯಿ ಅಥವಾ ವಹಿವಾಟು 300 ಕೋಟಿ ರೂಪಾಯಿ ಮುಟ್ಟಿದ ಇತರ ಸಾರ್ವಜನಿಕ ಕಂಪನಿಗಳು.

ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಇದನ್ನು ತನ್ನ ನಿಯಮದಲ್ಲೂ ತಂದಿತು. ಮೊದಲು ಕೊಟ್ಟ ಗಡುವು 2014 ಅಕ್ಟೋಬರ್ 1. ಅದನ್ನು ಮುಂದೂಡಿ 2015 ಏಪ್ರಿಲ್ 1 ಮಾಡಿದರು. ಪಾಲಿಸದಿದ್ದರೆ ದಂಡ. ಆಗ ಮೊದಲ ಮೂರು ತಿಂಗಳ ತಡಕ್ಕೆ ಇಟ್ಟ ದಂಡ 50,000 ರೂಪಾಯಿ; ಅಲ್ಲಿಂದ ಮುಂದೆ ದಿನದ ಲೆಕ್ಕದಲ್ಲಿ ಏರಿಕೆ. ನೂರಾರು ಕೋಟಿ ವಹಿವಾಟಿನ ಕಂಪನಿಗೆ 50,000 ರೂಪಾಯಿ ಅಂದರೆ ಒಂದು ಮಧ್ಯಾಹ್ನದ ಊಟದ ಖರ್ಚು ಇರಬಹುದು.

ಈಗ ಈ ವಾಕ್ಯದಲ್ಲಿ ಏನಿಲ್ಲ ಅಂತ ನೋಡುವ. ಆ ಮಹಿಳೆ ಯಾರು ಅನ್ನುವುದಿಲ್ಲ. ಅವರು ಪ್ರವರ್ತಕರ, ಅಂದರೆ ಕಂಪನಿ ಹುಟ್ಟುಹಾಕಿ ಹಿಡಿತ ಇಟ್ಟುಕೊಂಡವರ, ಹೆಂಡತಿ ಆಗಬಹುದು, ಮಗಳಾಗಬಹುದು, ಅತ್ತಿಗೆ ಆಗಬಹುದು. ಮಂಡಳಿಯಲ್ಲಿ ಆರು ಜನ ಇದ್ದರೂ ಒಬ್ಬರು, ಹದಿನೈದು ಜನ ಇದ್ದರೂ ಒಬ್ಬರು, ಪ್ರಮಾಣದ ಮಾತಿಲ್ಲ. ಲೆಕ್ಕಪರಿಶೋಧನಾ ಸಮಿತಿ, ನೇಮಕಾತಿ ಸಮಿತಿಯಂಥ ಮುಖ್ಯ ಉಪಸಮಿತಿಗಳಲ್ಲಿ ಅವರಿಗೆ ಜಾಗ ಇರಬೇಕು ಅಂತಲೂ ಇಲ್ಲ.

ಇದೇ 2013ರಲ್ಲಿ ಇನ್ನೊಂದು ಕಾಯ್ದೆ ಬಂತು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ ಕಾಯ್ದೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಇರಬೇಕು, ಅದರ ಅಧ್ಯಕ್ಷರು ಹಿರಿಯ ಹುದ್ದೆಯ ಮಹಿಳೆಯೇ ಆಗಬೇಕು, ಸದಸ್ಯರಲ್ಲಿ ಕನಿಷ್ಠ ಅರ್ಧ ಮಹಿಳೆಯರು ಇರಬೇಕು, ಹೊರಗಿನ ಒಬ್ಬರು ಇರಬೇಕು ಅಂತ ಅದು ಸ್ಪಷ್ಟವಾಗಿ ಹೇಳ್ತದೆ. ಒಂದೇ ಸಂಸತ್ತು, ಒಂದೇ ವರ್ಷ. ದೂರು ಕೇಳುವ ಸಮಿತಿಗೆ ‘ಅರ್ಧ’ ಅಂದವರು ಹಣದ ತೀರ್ಮಾನ ಮಾಡುವ ಮಂಡಳಿಗೆ ‘ಒಬ್ಬರು’ ಅಂದರು. ಪ್ರಮಾಣ ಬರೆಯಲಿಕ್ಕೆ ಗೊತ್ತಿಲ್ಲದೆ ಹೀಗಾದದ್ದಲ್ಲ ಅನ್ನುವುದು ಇದರಿಂದ ತಿಳೀತದೆ.

3. ಗಡುವು ಬಂದಾಗ ನಡೆದದ್ದು

2015ರ ಗಡುವು ಹತ್ತಿರ ಬಂದ ಹಾಗೆ ಕಂಪನಿಗಳು ಅವಸರದಲ್ಲಿ ನೇಮಕ ಮಾಡಿದವು. ಹಲವು ಕುಟುಂಬ ನಿಯಂತ್ರಣದ ಕಂಪನಿಗಳು ಮನೆಯವರನ್ನೇ ತಂದು ಕೂರಿಸಿದವು. ಗಡುವು ದಾಟಿದರೂ ನೇಮಕ ಮಾಡದವರ ಪಟ್ಟಿಯಲ್ಲಿ ಸರ್ಕಾರಿ ಒಡೆತನದ ಉದ್ಯಮಗಳೂ ಇದ್ದವು. ಕಾಯ್ದೆ ಮಾಡಿದ ಸರ್ಕಾರವೇ ತನ್ನ ಮನೆಯಲ್ಲಿ ಅದನ್ನು ಪಾಲಿಸಲಿಕ್ಕೆ ತಡ ಮಾಡಿತು.

ಮನೆಯವರು ಅಂದ ಕೂಡಲೇ ಅಸಮರ್ಥರು ಅಂತ ಅರ್ಥ ಅಲ್ಲ. ಆದರೆ ಮಂಡಳಿಯ ಒಂದು ಮುಖ್ಯ ಕೆಲಸ ಪ್ರವರ್ತಕರನ್ನು ಪ್ರಶ್ನೆ ಮಾಡುವುದು. ಊಟದ ಮೇಜಿನಲ್ಲಿ ಮುಗಿದ ಮಾತು ಮಂಡಳಿಯ ಮೇಜಿನಲ್ಲಿ ಪ್ರಶ್ನೆಯಾಗಿ ಎದ್ದೇಳುವುದು ಕಷ್ಟ.

ಈ ದೋಷ ಬೇಗ ಕಣ್ಣಿಗೆ ಬಿತ್ತು. ಉದಯ್ ಕೋಟಕ್ ಅಧ್ಯಕ್ಷತೆಯ ಸಮಿತಿ 2017ರಲ್ಲಿ ವರದಿ ಕೊಟ್ಟಿತು: ಷೇರುಪೇಟೆಯ ಪ್ರತಿ ಕಂಪನಿಯಲ್ಲೂ ಕನಿಷ್ಠ ಒಬ್ಬ ಸ್ವತಂತ್ರ ನಿರ್ದೇಶಕಿ ಇರಬೇಕು. ‘ಸ್ವತಂತ್ರ’ ಅನ್ನುವುದಕ್ಕೆ ಕಾಯ್ದೆಯಲ್ಲಿ ವ್ಯಾಖ್ಯೆ ಉಂಟು. ಪ್ರವರ್ತಕರಿಗೆ ಸಂಬಂಧಿಕರಾಗಿರಬಾರದು, ಕಂಪನಿಯ ಜೊತೆ ಹಣಕಾಸಿನ ನಂಟು ಇರಬಾರದು ಅನ್ನುವುದು ಅದರ ತಿರುಳು. ಸೆಬಿ ಈ ಶಿಫಾರಸನ್ನು ಅರ್ಧ ಒಪ್ಪಿತು. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 500 ಕಂಪನಿಗಳಿಗೆ 2019 ಏಪ್ರಿಲ್ 1ರಿಂದ, ಮೊದಲ 1,000 ಕಂಪನಿಗಳಿಗೆ 2020 ಏಪ್ರಿಲ್ 1ರಿಂದ ಇದು ಜಾರಿಗೆ ಬಂತು. ಅದರ ಕೆಳಗಿನ ಸಾವಿರಾರು ಕಂಪನಿಗಳಿಗೆ ಹಳೆಯ ನಿಯಮವೇ ಇವತ್ತಿಗೂ.

ಒಟ್ಟು ಫಲಿತಾಂಶ ಏನು? ಕಾಯ್ದೆಗೆ ಮೊದಲು ದೊಡ್ಡ ಕಂಪನಿಗಳ ಮಂಡಳಿಗಳಲ್ಲಿ ಮಹಿಳೆಯರು ನೂರಕ್ಕೆ ಐದಾರು ಇದ್ದರು. 2020ರ ದಶಕದ ಆರಂಭಕ್ಕೆ ಅದು ಹದಿನೇಳು, ಹದಿನೆಂಟರ ಹತ್ತಿರ ಬಂತು. ಹತ್ತು ವರ್ಷದೊಳಗೆ ಮೂರು ಪಟ್ಟು. ತಾನಾಗಿ ಆಗಲಿ ಅಂತ ಬಿಟ್ಟ ದಶಕಗಳಲ್ಲಿ ಆಗದ್ದು ಕಡ್ಡಾಯದಿಂದ ಆಯಿತು. ಇದನ್ನು ಸಣ್ಣದು ಅಂತ ನಾನು ಹೇಳುವುದಿಲ್ಲ. ಆದರೆ ಇನ್ನೊಂದು ಲೆಕ್ಕವೂ ಉಂಟು. ಈಗ ದೊಡ್ಡ ನೋಂದಾಯಿತ ಕಂಪನಿಗಳ ಮಂಡಳಿಯಲ್ಲಿ ಕನಿಷ್ಠ ಆರು ಜನ ಇರಬೇಕು ಅನ್ನುವುದು ನಿಯಮ. ಆರರಲ್ಲಿ ಒಬ್ಬರು ಅಂದರೆ ನೂರಕ್ಕೆ ಹೆಚ್ಚುಕಡಿಮೆ ಹದಿನೇಳು. ಕೆಲವು ಕಂಪನಿಗಳು ಇಬ್ಬರು ಮೂವರನ್ನು ನೇಮಿಸಿದ್ದು ನಿಜ. ಮಂಡಳಿ ಹತ್ತು ಜನರದ್ದಾದರೂ ಒಬ್ಬರಿಗೇ ನಿಂತವೂ ಬಹಳ. ಕಾಯ್ದೆ ಕನಿಷ್ಠ ಅಂದದ್ದನ್ನು ಬಹಳ ಕಡೆ ಗರಿಷ್ಠ ಅಂತ ಓದಿಕೊಂಡರು.

4. ನಾರ್ವೆ ಹೇಗೆ ಬರೆಯಿತು

ಇಡೀ ಜಗತ್ತಿನಲ್ಲಿ ಈ ಚರ್ಚೆ ನಾರ್ವೆಯ ಹೆಸರಿಲ್ಲದೆ ನಡೆಯುವುದಿಲ್ಲ. 2002ರಲ್ಲಿ ಅಲ್ಲಿಯ ಉದ್ಯಮ ಸಚಿವ ಆನ್ಸ್‌ಗಾರ್ ಗೇಬ್ರಿಯೆಲ್ಸನ್ ಮಂಡಳಿಗಳಲ್ಲಿ 40 ಶೇಕಡಾ ಬೇಕು ಅಂತ ಪತ್ರಿಕೆಯೊಂದಕ್ಕೆ ಹೇಳಿದರು. ಅವರು ಬಲಪಂಥೀಯ ಕನ್ಸರ್ವೇಟಿವ್ ಪಕ್ಷದವರು. ಹಾಗಾಗಿ ಅವರ ಪಕ್ಷದವರಿಗೇ ಆಶ್ಚರ್ಯ. 2003ರ ಕೊನೆಗೆ ಕಾಯ್ದೆ ಅಂಗೀಕಾರ ಆಯಿತು. ಮೊದಲು ಕಂಪನಿಗಳಿಗೆ ಸ್ವಇಚ್ಛೆಯಿಂದ ಮಾಡಲಿಕ್ಕೆ 2005ರವರೆಗೆ ಸಮಯ ಕೊಟ್ಟರು. ಆಗಲಿಲ್ಲ. 2006ರ ಜನವರಿಯಿಂದ ಕಡ್ಡಾಯ ಮಾಡಿ, ಇದ್ದ ಕಂಪನಿಗಳಿಗೆ ಎರಡು ವರ್ಷದ ಗಡುವು ಇಟ್ಟರು. ಪಾಲಿಸದಿದ್ದರೆ ಕಂಪನಿಯನ್ನೇ ವಿಸರ್ಜನೆ ಮಾಡುವ ಶಿಕ್ಷೆ. 2008ರ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ಕಂಪನಿಗಳು ಪಾಲಿಸಿದವು.

ಆ ಕಾಯ್ದೆಯ ಪಠ್ಯದಲ್ಲಿ ಎರಡು ಸಂಗತಿ ಗಮನಿಸಬೇಕು. ಒಂದು, ಅದು ‘ಮಹಿಳೆಯರಿಗೆ ಇಷ್ಟು’ ಅಂತ ಹೇಳುವುದಿಲ್ಲ. ಎರಡೂ ಲಿಂಗದವರು ಇಷ್ಟಿಷ್ಟು ಇರಬೇಕು ಅಂತ ಹೇಳ್ತದೆ. ಗಂಡಸರ ಜಾಗಕ್ಕೂ ಅಷ್ಟೇ ರಕ್ಷಣೆ. ಎರಡು, ಮಂಡಳಿ ದೊಡ್ಡದಾದ ಹಾಗೆ ಸಂಖ್ಯೆಯೂ ಏರ್ತದೆ. ನಾಲ್ಕೈದು ಜನರ ಮಂಡಳಿಯಲ್ಲಿ ಇಬ್ಬಿಬ್ಬರು, ಆರರಿಂದ ಎಂಟಾದರೆ ಮೂವರು, ಒಂಬತ್ತಾದರೆ ನಾಲ್ವರು, ಅದಕ್ಕಿಂತ ಹೆಚ್ಚಾದರೆ 40 ಶೇಕಡಾ. ಒಬ್ಬ ಹೆಂಗಸು ಒಂಟಿಯಾಗಿ ಕೂರುವ ಪರಿಸ್ಥಿತಿ ಬಾರದ ಹಾಗೆ ಬರೆದಿದ್ದಾರೆ.

ಯುರೋಪಿನ ಇತರ ದೇಶಗಳೂ ಹಿಂಬಾಲಿಸಿದವು. ಫ್ರಾನ್ಸ್ 2011ರಲ್ಲಿ, ಜರ್ಮನಿ 2015ರಲ್ಲಿ ಕಾಯ್ದೆ ಮಾಡಿದವು. ಯುರೋಪಿಯನ್ ಒಕ್ಕೂಟ 2022ರಲ್ಲಿ ನಿರ್ದೇಶನ ಹೊರಡಿಸಿ, 2026ರ ಜೂನ್ ಕೊನೆಗೆ ದಿನನಿತ್ಯದ ಆಡಳಿತದಲ್ಲಿಲ್ಲದ ನಿರ್ದೇಶಕರಲ್ಲಿ 40 ಶೇಕಡಾ ಅಥವಾ ಒಟ್ಟು ನಿರ್ದೇಶಕರಲ್ಲಿ 33 ಶೇಕಡಾ ಅನ್ನುವ ಗುರಿ ಇಟ್ಟಿತು. ಎಲ್ಲ ಕಡೆ ಹೀಗೇ ಆಯಿತು ಅಂತಲ್ಲ. ಕ್ಯಾಲಿಫೋರ್ನಿಯ 2018ರಲ್ಲಿ ಮಾಡಿದ ಕಾಯ್ದೆಯನ್ನು 2022ರಲ್ಲಿ ಅಲ್ಲಿಯ ನ್ಯಾಯಾಲಯ ಸಮಾನತೆಯ ತತ್ವಕ್ಕೆ ವಿರುದ್ಧ ಅಂತ ತಳ್ಳಿಹಾಕಿತು.

5. ಆಕ್ಷೇಪಗಳನ್ನು ಎದುರಿಸುವ

ಮೊದಲನೆಯದು ಅರ್ಹತೆಯ ಪ್ರಶ್ನೆ. “ಸಮರ್ಥರು ಸಿಗುವುದಿಲ್ಲ, ಸಂಖ್ಯೆ ತುಂಬಿಸಲಿಕ್ಕೆ ಯಾರನ್ನೋ ತರಬೇಕಾಗ್ತದೆ” ಅಂತ. ನಾರ್ವೆಯ ಅನುಭವ ಇದಕ್ಕೆ ಉಲ್ಟಾ ಉಂಟು. ಮೇರಿಯಾನ್ ಬರ್ಟ್ರಂಡ್ ಮತ್ತು ಸಂಗಡಿಗರ ಅಧ್ಯಯನದ ಪ್ರಕಾರ, ಕಡ್ಡಾಯದ ನಂತರ ಬಂದ ಮಹಿಳೆಯರು ಅದಕ್ಕೆ ಮೊದಲು ಮಂಡಳಿಯಲ್ಲಿದ್ದ ಮಹಿಳೆಯರಿಗಿಂತ ಹೆಚ್ಚು ಅರ್ಹತೆ ಇದ್ದವರು. ಹುಡುಕದೆ ಇದ್ದಾಗ ಕಾಣದವರು ಹುಡುಕಿದಾಗ ಕಂಡರು. ನಮ್ಮ ದೇಶದಲ್ಲಿ ಕಿರಣ್ ಮಜುಂದಾರ್ ಶಾ ಅವರಂತೆ ತಾವೇ 1978ರಲ್ಲಿ ಬಯೋಕಾನ್ ಸ್ಥಾಪಿಸಿ ಬೆಳೆಸಿದವರಿಗೆ ಈ ಕಾಯ್ದೆಯ ಅಗತ್ಯ ಇರಲಿಲ್ಲ. ಕಾಯ್ದೆ ಬೇಕಾದದ್ದು ಅರ್ಹತೆ ಇದ್ದು, ಕರೆಯುವವರ ಬಳಗದಲ್ಲಿ ಇಲ್ಲದವರಿಗೆ. ಗಂಡಸರ ಅರ್ಹತೆಯನ್ನು ಇಷ್ಟು ಕಾಲ ಯಾರು ಅಳೆದರು ಅಂತಲೂ ಕೇಳಬೇಕು. ಸ್ವತಂತ್ರ ನಿರ್ದೇಶಕರಿಗೆ ಮಾಹಿತಿಕೋಶದಲ್ಲಿ ನೋಂದಣಿ ಮತ್ತು ಪರೀಕ್ಷೆ ನಮ್ಮಲ್ಲಿ ಬಂದದ್ದೇ 2019ರ ಕೊನೆಗೆ. ಅದಕ್ಕೆ ಮೊದಲು ಪರಿಚಯವೇ ಪರೀಕ್ಷೆ ಆಗಿತ್ತು.

ಎರಡನೆಯದು ಲಾಭದ ಪ್ರಶ್ನೆ. ಕೆನೆತ್ ಅಹರ್ನ್ ಮತ್ತು ಆಮಿ ಡಿಟ್ಮಾರ್ 2012ರಲ್ಲಿ ಪ್ರಕಟಿಸಿದ ಅಧ್ಯಯನ, ನಾರ್ವೆಯ ಕಂಪನಿಗಳ ಮೌಲ್ಯ ಕಡ್ಡಾಯದಿಂದ ಕುಸಿಯಿತು ಅಂತ ಹೇಳಿತು. ಕೆಲವು ಕಂಪನಿಗಳು ಆ ಕಾನೂನುರೂಪವನ್ನೇ ಬಿಟ್ಟು ಖಾಸಗಿ ರೂಪಕ್ಕೆ ಬದಲಾದವು. ಆಮೇಲೆ ಎಸ್ಪೆನ್ ಎಕ್ಬೊ ಮತ್ತು ಸಂಗಡಿಗರು ಅದೇ ಪ್ರಶ್ನೆಯನ್ನು ಮರುಪರಿಶೀಲನೆ ಮಾಡಿ, ಅಂಥ ಕುಸಿತಕ್ಕೆ ಗಟ್ಟಿ ಆಧಾರ ಇಲ್ಲ ಅಂದರು. ಇದರಿಂದ ನಾನು ತೆಗೆದುಕೊಳ್ಳುವ ಪಾಠ ಇಷ್ಟು: ಮಹಿಳೆಯರು ಬಂದರೆ ಲಾಭ ಹೆಚ್ಚುತ್ತದೆ ಅಂತ ಆಸೆ ತೋರಿಸಿ ಈ ಬೇಡಿಕೆ ಇಡಬಾರದು. ನಾಳೆ ಲಾಭ ಹೆಚ್ಚದಿದ್ದರೆ ಹೊರಗೆ ಹಾಕಬಹುದಾ? ಗಂಡಸರು ಮಂಡಳಿಯಲ್ಲಿ ಇರುವುದಕ್ಕೆ ಯಾರೂ ಲಾಭದ ಪುರಾವೆ ಕೇಳಲಿಲ್ಲ.

ಮೂರನೆಯ ಆಕ್ಷೇಪ ನನಗೆ ಎಲ್ಲಕ್ಕಿಂತ ಭಾರ ಅನ್ನಿಸ್ತದೆ. ಬರ್ಟ್ರಂಡ್ ಅವರ ಅದೇ ಅಧ್ಯಯನ, ಮಂಡಳಿಯಲ್ಲಿ ಮಹಿಳೆಯರು ಹೆಚ್ಚಾದ್ದರಿಂದ ಅದೇ ಕಂಪನಿಗಳ ಕೆಳಗಿನ ಹಂತದ ಮಹಿಳೆಯರಿಗೆ ಕಾಣುವಂಥ ಲಾಭ ಆಗಲಿಲ್ಲ ಅಂತಲೂ ಹೇಳ್ತದೆ. ಅಂದರೆ ಹೊಸೂರಿನ ಹುಡುಗಿಯ ರಾತ್ರಿ ಪಾಳಿ, ಹಾಸ್ಟೆಲು, ಬಸ್ಸು, ಬೀಡಿ ಕಟ್ಟುವವರ ಕೂಲಿ ಇವೆಲ್ಲ ಮಂಡಳಿಯ ಒಂದು ಕುರ್ಚಿಯಿಂದ ತಾನಾಗಿ ಸರಿಯಾಗುವುದಿಲ್ಲ. ಅದಕ್ಕೆ ಕಾರ್ಮಿಕ ಸಂಘ, ಕಾರ್ಮಿಕ ಕಾನೂನು, ಆಗಲೇ ಹೇಳಿದ ಆಂತರಿಕ ಸಮಿತಿ ಬೇಕು. ಮಂಡಳಿಯ ಸ್ಥಾನವನ್ನು ಇವುಗಳ ಬದಲಿಗೆ ಕೊಟ್ಟರೆ ನಾವು ಒಪ್ಪಬಾರದು. ಇವುಗಳ ಜೊತೆಗೆ ಕೊಟ್ಟರೆ ಬೇಡ ಅನ್ನಲೂಬಾರದು.

6. ಒಬ್ಬರೇ ಇದ್ದರೆ ಏನಾಗ್ತದೆ?

ಅಮೆರಿಕದ ಸಮಾಜಶಾಸ್ತ್ರಜ್ಞೆ ರೋಸಬೆತ್ ಮಾಸ್ ಕ್ಯಾಂಟರ್ 1977ರಲ್ಲಿ ಒಂದು ದೊಡ್ಡ ಕಂಪನಿಯ ಒಳಗಿನ ಬದುಕನ್ನು ಅಧ್ಯಯನ ಮಾಡಿ ಪುಸ್ತಕ ಬರೆದರು. ಒಂದು ಗುಂಪಿನಲ್ಲಿ ಯಾವುದೇ ವರ್ಗದವರು ನೂರಕ್ಕೆ ಹದಿನೈದರಷ್ಟೇ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅವರು ಬರೀ ಸಂಕೇತವಾಗಿ ಉಳೀತಾರೆ ಅನ್ನುವುದು ಅವರ ವಾದ. ಅವರ ಮೇಲೆ ಎಲ್ಲರ ಕಣ್ಣು ಇರ್ತದೆ, ಅವರು ಮಾಡುವ ಪ್ರತಿಯೊಂದೂ ಇಡೀ ವರ್ಗದ ಖಾತೆಗೆ ಜಮೆ ಆಗ್ತದೆ, ಉಳಿದವರು ತಮ್ಮ ಒಗ್ಗಟ್ಟನ್ನು ಇನ್ನಷ್ಟು ತೋರಿಸ್ತಾರೆ. 2008ರಲ್ಲಿ ಆಲಿಸನ್ ಕಾನ್ರಾಡ್, ವಿಕಿ ಕ್ರೇಮರ್, ಸುಮ್ರು ಎರ್ಕುಟ್ ಕಂಪನಿ ಮಂಡಳಿಗಳ ಬಗ್ಗೆ ಬರೆಯುತ್ತಾ, ಮೂವರು ಮಹಿಳೆಯರಾದಾಗ ಈ ಪರಿಸ್ಥಿತಿ ಬದಲಾಗ್ತದೆ, ಆಗ ಅವರ ಮಾತನ್ನು ‘ಮಹಿಳೆಯ ಮಾತು’ ಅಂತ ಕೇಳುವುದು ನಿಲ್ತದೆ ಅಂದರು.

ಇದನ್ನು ಓದುವಾಗ ನನಗೆ ಅಮೆರಿಕ ದೂರ ಅನ್ನಿಸಲಿಲ್ಲ. ಗಡಿಭಾಗದ ನಮಗೆ ಇದು ಗೊತ್ತಿರುವ ವಿಷಯ. ಒಂದು ಸಮಿತಿಯಲ್ಲಿ ಹತ್ತು ಜನ, ಅದರಲ್ಲಿ ಕನ್ನಡ ಬಲ್ಲವರು ಒಬ್ಬರು. ಚರ್ಚೆ ರಾಜ್ಯಭಾಷೆಯಲ್ಲಿ ವೇಗವಾಗಿ ಹೋಗ್ತದೆ. ಆ ಒಬ್ಬರು ಎದ್ದು ಮಾತಾಡಿದರೆ “ಇವರದ್ದು ಯಾವಾಗಲೂ ಕನ್ನಡದ್ದೇ ಗಲಾಟೆ” ಅಂತಾರೆ. ಸುಮ್ಮನೆ ಕೂತರೆ “ನಿಮ್ಮವರು ಇದ್ದರಲ್ಲ, ಆಗ ಯಾಕೆ ಹೇಳಲಿಲ್ಲ” ಅಂತ ನಮ್ಮನ್ನೇ ಕೇಳ್ತಾರೆ. 1969ರ ಕೇರಳದ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಸರ್ಕಾರದ ಜೊತೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡುವ ಹಕ್ಕು ಕೊಟ್ಟಿದೆ. ಆದರೆ ಅರ್ಜಿಯನ್ನು ಓದಲಿಕ್ಕೆ ಕಚೇರಿಯಲ್ಲಿ ಜನ ಬೇಕಲ್ಲ? ಹಕ್ಕಿಗೆ ತಕ್ಕ ಸಂಖ್ಯೆ ಇಲ್ಲದಿದ್ದರೆ ಹಕ್ಕು ಕಡತದಲ್ಲೇ ಉಳೀತದೆ. ಮಂಡಳಿಯ ಒಂಟಿ ನಿರ್ದೇಶಕಿಯ ಪಾಡು ನಮಗೆ ಅರ್ಥ ಆಗಲಿಕ್ಕೆ ಹೆಚ್ಚು ವಿವರಣೆ ಬೇಡ.

7. ಒಡೆತನ ಬೇರೆ, ಯಜಮಾನಿಕೆ ಬೇರೆ

“ಷೇರು ಇದ್ದವರಿಗೆ ಮಂಡಳಿಯಲ್ಲಿ ಜಾಗ, ಹೆಂಗಸರೂ ಷೇರು ತೆಗೆದುಕೊಳ್ಳಲಿ” ಅನ್ನುವ ವಾದವೂ ಉಂಟು. ಇದಕ್ಕೆ ನಮ್ಮ ತುಳುನಾಡಿನ ಇತಿಹಾಸದಲ್ಲೇ ಉತ್ತರ ಸಿಗ್ತದೆ. ಅಳಿಯಸಂತಾನ ಪದ್ಧತಿಯಲ್ಲಿ ಆಸ್ತಿಯ ಸಾಲು ಹೆಣ್ಣಿನ ಮೂಲಕ ಇಳಿಯುತ್ತಿತ್ತು. ಹಿರಿಯಳಾದ ಹೆಣ್ಣು ಯಜಮಾನ್ತಿ ಆಗುವ ಅವಕಾಶವನ್ನೂ ಆ ಪದ್ಧತಿ ಒಪ್ಪಿತ್ತು. ಆದರೂ ವ್ಯವಹಾರ, ಗೇಣಿಯ ಲೆಕ್ಕ, ಕೋರ್ಟು ಕಚೇರಿ ಇವೆಲ್ಲ ಹೆಚ್ಚಾಗಿ ಇದ್ದದ್ದು ಮಾವನ ಕೈಯಲ್ಲಿ. ಆಸ್ತಿ ಹೆಣ್ಣಿನ ಹೆಸರಿನಲ್ಲಿ ಹರಿದರೆ ಅಧಿಕಾರವೂ ತಾನಾಗಿ ಹರೀತದೆ ಅನ್ನುವುದಕ್ಕೆ ಆಧಾರ ಇಲ್ಲ. ಇವತ್ತಿನ ಕಂಪನಿಗಳ ಪ್ರವರ್ತಕರ ಪಟ್ಟಿ ತೆಗೆದು ನೋಡಿದರೂ ತಾಯಿ, ಹೆಂಡತಿ, ಸೊಸೆಯರ ಹೆಸರಿನಲ್ಲಿ ಷೇರು ಕಾಣ್ತದೆ. ಅವರ ಮತ ಚಲಾಯಿಸುವ ತೀರ್ಮಾನ ಎಲ್ಲಿ ಆಗ್ತದೆ ಅನ್ನುವುದು ಬೇರೆ ಮಾತು.

ಸಹಕಾರಿ ಸಂಘಗಳಲ್ಲಿ ಇದು ಮತ್ತೊಂದು ರೂಪದಲ್ಲಿ ಕಾಣ್ತದೆ. 2011ರ 97ನೇ ಸಂವಿಧಾನ ತಿದ್ದುಪಡಿ ಸಹಕಾರಿ ಸಂಘಗಳ ಮಂಡಳಿಗೆ ಗರಿಷ್ಠ 21 ನಿರ್ದೇಶಕರು, ಅದರಲ್ಲಿ ಮಹಿಳೆಯರಿಗೆ ಎರಡು ಸ್ಥಾನ ಅಂತ ಬರೆಯಿತು. 2021ರಲ್ಲಿ ಸುಪ್ರೀಂ ಕೋರ್ಟು ರಾಜ್ಯದೊಳಗಿನ ಸಂಘಗಳ ಮಟ್ಟಿಗೆ ಆ ಭಾಗವನ್ನು ರದ್ದು ಮಾಡಿತು. ಒಂದಕ್ಕಿಂತ ಹೆಚ್ಚು ರಾಜ್ಯಗಳ ಸಂಘಗಳಿಗೆ ಅದು ಉಳಿಯಿತು. ನಮ್ಮ ಕಡೆಯ ಅಡಿಕೆ ಬೆಳೆಗಾರರಿಗೆ ಗೊತ್ತಿರುವ ಕ್ಯಾಂಪ್ಕೋ, 1973ರಲ್ಲಿ ಕರ್ನಾಟಕ ಮತ್ತು ಕೇರಳದ ಬೆಳೆಗಾರರಿಗಾಗಿ ಹುಟ್ಟಿದ್ದು, ಇಂಥ ಬಹುರಾಜ್ಯ ಸಂಘ. ಇಲ್ಲಿ ಒಬ್ಬರ ಬದಲಿಗೆ ಇಬ್ಬರು, ಒಳ್ಳೆಯದೇ. ಆದರೆ 21ರಲ್ಲಿ ಎರಡು ಅಂದರೆ ನೂರಕ್ಕೆ ಹತ್ತೂ ಇಲ್ಲ. ಅದಕ್ಕಿಂತ ಮೊದಲಿನ ಪ್ರಶ್ನೆ ಸದಸ್ಯತ್ವದ್ದು. ಬೆಳೆಗಾರ ಅಂದರೆ ಸಾಮಾನ್ಯವಾಗಿ ಜಾಗದ ಪತ್ರದಲ್ಲಿ ಹೆಸರಿದ್ದವರು. ಅಂಗಳದಲ್ಲಿ ಕೂತು ಅಡಿಕೆ ಸುಲಿಯುವ ಹೆಂಗಸಿನ ಹೆಸರು ಆ ಪತ್ರದಲ್ಲಿ ಇರುವುದು ಕಡಿಮೆ.

8. ಪಂಚಾಯತ್ ಕಲಿಸಿದ್ದು

ಕಡ್ಡಾಯದ ಸ್ಥಾನ ಬರೀ ಹೆಸರಿಗೆ ಅನ್ನುವವರಿಗೆ ನಮ್ಮ ಪಂಚಾಯತ್‌ಗಳ ಅನುಭವ ತೋರಿಸಬೇಕು. 73ನೇ ತಿದ್ದುಪಡಿ 1993ರಿಂದ ಮೂರನೇ ಒಂದು ಭಾಗ ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟಿತು. ಕೇರಳ 2010ರ ಚುನಾವಣೆಯಿಂದ ಅದನ್ನು ಅರ್ಧಕ್ಕೆ ಏರಿಸಿತು, ಮಹಾರಾಷ್ಟ್ರವೂ 2011ರಲ್ಲಿ ಕಾಯ್ದೆ ತಿದ್ದಿ ಅರ್ಧ ಮಾಡಿತು. ಶುರುವಿನಲ್ಲಿ ಹೆಂಡತಿ ಅಧ್ಯಕ್ಷೆ, ಗಂಡ ಕಚೇರಿಯಲ್ಲಿ ಅನ್ನುವ ದೃಶ್ಯ ಬಹಳ ಇತ್ತು, ಈಗಲೂ ಅಲ್ಲಲ್ಲಿ ಉಂಟು. ಆದರೆ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ 2004ರಲ್ಲಿ ಪ್ರಕಟಿಸಿದ ಅಧ್ಯಯನ, ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದಲ್ಲಿ ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾದ ಕಡೆ ಕುಡಿಯುವ ನೀರಿನಂಥ, ಹೆಂಗಸರು ಕೇಳುವ ಕೆಲಸಗಳಿಗೆ ಹೆಚ್ಚು ಹಣ ಹೋಯಿತು ಅಂತ ತೋರಿಸಿತು. ಆಮೇಲಿನ ಅಧ್ಯಯನ ಇನ್ನೂ ಒಂದು ವಿಷಯ ಹೇಳಿತು: ಎರಡು ಅವಧಿ ಮೀಸಲಾತಿ ಕಂಡ ಊರುಗಳಲ್ಲಿ, ಮೀಸಲಾತಿ ಇಲ್ಲದಾಗಲೂ ಮಹಿಳೆಯರು ಹೆಚ್ಚು ಗೆದ್ದರು.

ಪಂಚಾಯತ್‌ಗೂ ಕಂಪನಿಗೂ ಒಂದು ದೊಡ್ಡ ವ್ಯತ್ಯಾಸ ಉಂಟು. ಪಂಚಾಯತ್ ಸದಸ್ಯೆಯನ್ನು ಆರಿಸುವವರು ಊರಿನವರು. ಸ್ವತಂತ್ರ ನಿರ್ದೇಶಕಿಯನ್ನು ಆರಿಸುವವರು ಷೇರುದಾರರು. ಅದರಲ್ಲಿ ಹೆಚ್ಚು ಮತ ಸಾಧಾರಣವಾಗಿ ಪ್ರವರ್ತಕರದ್ದೇ. ಹಾಗಾಗಿ ‘ಸ್ವತಂತ್ರ’ ಅನ್ನುವ ಪದವೂ ಪೂರ್ತಿ ಸ್ವತಂತ್ರ ಅಲ್ಲ. ಪಂಚಾಯತ್‌ನಲ್ಲಿ ಆದದ್ದು ಕಂಪನಿಯಲ್ಲೂ ಹಾಗೇ ಆಗ್ತದೆ ಅಂತ ಹೇಳಲಿಕ್ಕೆ ಬರುವುದಿಲ್ಲ. ಆದರೆ ಎರಡು ಸಂಗತಿ ಸ್ಪಷ್ಟ: ಪ್ರಮಾಣ ದೊಡ್ಡದಿರಬೇಕು, ಕಾಲ ಕೊಡಬೇಕು.

9. ಹಾಗಾದರೆ ಏನು ಮಾಡಬಹುದು?

‘ಕನಿಷ್ಠ ಒಬ್ಬರು’ ತೆಗೆದು ಪ್ರಮಾಣ ತರಬೇಕು. ಮೊದಲ ಹೆಜ್ಜೆಯಾಗಿ ಮೂರನೇ ಒಂದು ಭಾಗ, ನಾರ್ವೆಯ ಹಾಗೆ ಎರಡೂ ಲಿಂಗದವರಿಗೆ ಅನ್ವಯಿಸುವಂತೆ. ಪ್ರವರ್ತಕರ ಸಂಬಂಧಿಕರು ಮಂಡಳಿಯಲ್ಲಿ ಇರಲಿ, ಆದರೆ ಈ ಲೆಕ್ಕಕ್ಕೆ ಸೇರಬಾರದು. ಸ್ವತಂತ್ರ ನಿರ್ದೇಶಕಿಯ ನಿಯಮ ಮೊದಲ 1,000 ಕಂಪನಿಗಳಿಗೆ ನಿಲ್ಲದೆ ಎಲ್ಲ ನೋಂದಾಯಿತ ಕಂಪನಿಗಳಿಗೂ ಬರಬೇಕು. ಲೆಕ್ಕಪರಿಶೋಧನೆ ಮತ್ತು ನೇಮಕಾತಿ ಸಮಿತಿಗಳಲ್ಲಿ ಮಹಿಳೆಯರು ಇರಲೇಬೇಕು, ಯಾಕೆಂದರೆ ಮುಂದಿನ ನಿರ್ದೇಶಕರು ಯಾರು ಅಂತ ತೀರ್ಮಾನ ಆಗುವುದು ಅಲ್ಲಿ. ದಂಡ ಕಂಪನಿಯ ಗಾತ್ರಕ್ಕೆ ತಕ್ಕಂತೆ ಇರಬೇಕು.

ನಮ್ಮಂಥ ಸಾಮಾನ್ಯರು ಮಾಡಬಹುದಾದದ್ದೂ ಉಂಟು. ನೋಂದಾಯಿತ ಕಂಪನಿಗಳ ವಾರ್ಷಿಕ ವರದಿ ಎಲ್ಲರಿಗೂ ಸಿಗ್ತದೆ. ಅದರಲ್ಲಿ ಯಾವ ನಿರ್ದೇಶಕರು ಎಷ್ಟು ಸಭೆಗೆ ಬಂದರು, ಯಾರು ಯಾರಿಗೆ ಸಂಬಂಧಿಕರು, ಯಾವ ಸಮಿತಿಯಲ್ಲಿ ಯಾರಿದ್ದಾರೆ ಅಂತ ಬರೆದಿರಬೇಕು. ಮೊದಲ 1,000 ಕಂಪನಿಗಳು 2022–23ರಿಂದ ತಮ್ಮ ಜವಾಬ್ದಾರಿ ವರದಿಯಲ್ಲಿ ನೌಕರರು, ಕಾರ್ಮಿಕರು, ಮಂಡಳಿ ಈ ಮೂರೂ ಹಂತಗಳಲ್ಲಿ ಮಹಿಳೆಯರ ಸಂಖ್ಯೆ ಕೊಡಬೇಕು. ಊರಿನ ಹತ್ತಿರದ ಕಾರ್ಖಾನೆಯ ಕಂಪನಿ ಯಾವುದು ಅಂತ ನೋಡಿ, ಆ ಮೂರು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಬಹಳಷ್ಟು ತಿಳೀತದೆ.

ಚರ್ಚೆಯಲ್ಲಿ ಬಂದ ಪ್ರಶ್ನೆಗಳು

ಪ್ರಶ್ನೆ: ಮನೆಯ ಹೆಣ್ಣುಮಗಳು ಓದಿದವಳು, ಸಮರ್ಥಳು ಆಗಿದ್ದರೆ ಅವಳನ್ನು ಯಾಕೆ ಹೊರಗಿಡಬೇಕು?

ಹೊರಗಿಡುವುದು ಬೇಡ. ಮಗನನ್ನು ಹೇಗೆ ನಿರ್ದೇಶಕ ಮಾಡ್ತಾರೋ ಹಾಗೇ ಮಗಳನ್ನೂ ಮಾಡಲಿ, ಮಾಡಲೇಬೇಕು. ಆದರೆ ಅದು ಕುಟುಂಬದೊಳಗಿನ ನ್ಯಾಯ. ಕಾಯ್ದೆ ಕೇಳುವುದು ಸಮಾಜದ ಪರವಾಗಿ ಒಂದು ಸ್ಥಾನ. ಎರಡನ್ನೂ ಒಂದೇ ಕುರ್ಚಿಯಲ್ಲಿ ಕೂರಿಸಿದರೆ ಎರಡನೆಯದು ಬಿದ್ದುಹೋಗ್ತದೆ.

ಪ್ರಶ್ನೆ: ಮಹಿಳೆ ಅಂದರೆ ಯಾವ ಮಹಿಳೆ? ದಲಿತ, ಹಿಂದುಳಿದ ವರ್ಗದವರ ಸ್ಥಾನ ಎಲ್ಲಿ?

ಇದು ಬಹಳ ಮುಖ್ಯವಾದ ಪ್ರಶ್ನೆ. 2012ರಲ್ಲಿ ‘ಎಕನಾಮಿಕ್ ಆಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಬಂದ ಒಂದು ಅಧ್ಯಯನ, ಭಾರತದ 1,000 ದೊಡ್ಡ ಕಂಪನಿಗಳ ನಿರ್ದೇಶಕರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಮೇಲ್ಜಾತಿಯವರು ಅಂತ ತೋರಿಸಿತು. ಅಂದರೆ ಮಂಡಳಿಗಳು ಗಂಡಸರ ಕೂಟ ಮಾತ್ರ ಅಲ್ಲ, ಕೆಲವೇ ಜಾತಿಗಳ ಕೂಟವೂ ಹೌದು. ಒಂದೇ ಸ್ಥಾನ ಇದ್ದರೆ ಅದು ಅದೇ ಬಳಗದ ಮಹಿಳೆಗೆ ಹೋಗುವ ಸಾಧ್ಯತೆ ಹೆಚ್ಚು. ಪ್ರಮಾಣ ದೊಡ್ಡದಾಗಬೇಕು ಅನ್ನುವುದಕ್ಕೆ ಇದೂ ಒಂದು ಕಾರಣ. ಆದರೆ ಲಿಂಗದ ಲೆಕ್ಕ ಸರಿಯಾದರೆ ಜಾತಿಯ ಲೆಕ್ಕ ತಾನಾಗಿ ಸರಿಯಾಗ್ತದೆ ಅಂತ ನಾನು ನಂಬುವುದಿಲ್ಲ. ಮೊದಲ ಕೆಲಸ ಆ ಮಾಹಿತಿಯನ್ನು ಕಂಪನಿಗಳೇ ಪ್ರಕಟಿಸುವ ಹಾಗೆ ಮಾಡುವುದು.

ಪ್ರಶ್ನೆ: ನಮ್ಮ ಊರಲ್ಲಿ ದೊಡ್ಡ ಕಂಪನಿ ಇಲ್ಲ. ಸೇವಾ ಸಹಕಾರಿ ಸಂಘ, ಹಾಲಿನ ಸಂಘ, ಕನ್ನಡ ಸಂಘ ಅಷ್ಟೇ. ಅಲ್ಲಿ ಏನು ಮಾಡಬಹುದು?

ಮೂರು ಕೆಲಸ ಅಲ್ಲೇ ಶುರು ಮಾಡಬಹುದು. ಗಂಡಹೆಂಡತಿ ಇಬ್ಬರಿಗೂ ಸದಸ್ಯತ್ವ ಸಿಗುವ ಹಾಗೆ ಉಪವಿಧಿಯನ್ನು ನೋಡಿಕೊಳ್ಳುವುದು. ಸಭೆಯನ್ನು ಹೆಂಗಸರಿಗೆ ಬರಲಿಕ್ಕೆ ಆಗುವ ಹೊತ್ತಿಗೆ, ಬಸ್ಸು ಇರುವಾಗ ಇಡುವುದು. ರಾತ್ರಿ ಏಳು ಗಂಟೆಗೆ ಸಭೆ ಕರೆದು “ಹೆಂಗಸರು ಬರುವುದೇ ಇಲ್ಲ” ಅಂದರೆ ಆಗುವುದಿಲ್ಲ. ಇನ್ನೊಂದು, ಮಹಿಳಾ ಸದಸ್ಯೆಯನ್ನು ಸಾಂಸ್ಕೃತಿಕ ಕಾರ್ಯದರ್ಶಿ ಮಾತ್ರ ಮಾಡದೆ ಖಜಾಂಚಿಯನ್ನೂ ಮಾಡುವುದು. ನಮ್ಮ ಕನ್ನಡ ಸಂಘಗಳ ಆಮಂತ್ರಣ ಪತ್ರಿಕೆಗಳನ್ನು ತೆಗೆದು ನೋಡಿ. ಪ್ರಾರ್ಥನೆ, ಸ್ವಾಗತ, ವಂದನಾರ್ಪಣೆ ಹೆಂಗಸರದ್ದು. ಅಧ್ಯಕ್ಷತೆ, ಉದ್ಘಾಟನೆ, ಲೆಕ್ಕಪತ್ರ ಮಂಡನೆ ಹೆಚ್ಚಾಗಿ ಗಂಡಸರದ್ದು. ಪ್ರಾತಿನಿಧ್ಯ ಬೇಕು ಅಂತ ರಾಜ್ಯವನ್ನು ಕೇಳುವ ನಾವು ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಆ ಪಟ್ಟಿಯನ್ನು ಬದಲಾಯಿಸಬಹುದು. ಅದಕ್ಕೆ ಯಾವ ಕಾಯ್ದೆಯೂ ಬೇಡ, ಯಾರ ಅನುಮತಿಯೂ ಬೇಡ.